ಬಸುರಿಗೆ ಬೋಧನೆ ಬೇಡ, ರೊಟ್ಟಿ ಕೊಡಿ

ಗೋಡೆ ಮೇಲೊಂದು ಚಿತ್ರ ಇದೆ. ನೀವೆಲ್ಲ ನೋಡಿದ್ದೀರಿ. ಆಸ್ಪತ್ರೆ ಗೋಡೆ ಇರಲಿ, ಅಂಗನವಾಡಿ ಗೋಡೆ ಇರಲಿ, ಚಿತ್ರ ಅದೇ. ಬೆಳ್ಳಗೆ ಮೈ ತುಂಬಿಕೊಂಡ ಒಬ್ಬ ಬಸುರಿ. ಅವಳ ಮುಂದೆ ಸೇಬು, ದ್ರಾಕ್ಷಿ, ಕಿತ್ತಳೆ, ಒಂದು ಗ್ಲಾಸು ಹಾಲು. ಕೆಳಗೆ ದಪ್ಪ ಅಕ್ಷರದಲ್ಲಿ: ಗರ್ಭಿಣಿಯರು ಪೌಷ್ಟಿಕ ಆಹಾರ ಸೇವಿಸಬೇಕು. ಸೇವಿಸಬೇಕಂತೆ! ಉಣ್ಣು ಎನ್ನಲಿಕ್ಕೂ ಬಾಯಿ ಬಾರದ ಮಂದಿ ಬರೆಸಿದ ಬೋರ್ಡು ಅದು.

ಆ ಚಿತ್ರಕ್ಕೆ ಬೆನ್ನು ಹಚ್ಚಿ ನಮ್ಮ ಓಣಿಯ ಅಕ್ಕ ಒಬ್ಬಳು ಕೂತಿದ್ದಳು. ಏಳನೆಯ ತಿಂಗಳು. ಕಮಲನಗರ ಕಡೆ ಅವು ಸೋಯಾ ರಾಶಿಯ ದಿನ. ಹಿಂದಿನ ಸಂಜೆ ತನಕ ಸೋಯಾ ಕೊಯ್ದು ಬಂದವಳು. ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದು, ಹಲ್ಲಿಗೆ ಮಿಶ್ರಿ ತಿಕ್ಕಿ, ಪಾಳಿ ಹಚ್ಚಿ ಕೂತಿದ್ದಾಳೆ. ತಾಯಿ ಕಾರ್ಡು ನೋಡಿದವರು ಕೇಳಿದರು: "ಏನ್ ತಿಂತಿ? ಹಾಲು ಹಣ್ಣು ತಿನ್ಬೇಕಂತ ಹೇಳಿಲ್ಲೇನು ನಿನಗ?" ಅಕ್ಕ ತಲೆ ತಗ್ಗಿಸಿದಳು. ಕಳ್ಳತನ ಮಾಡಿ ಸಿಕ್ಕವಳ ಹಾಗೆ. ಅದಾಗಿ ಹನ್ನೆರಡು ದಿನಕ್ಕೆ ಹೊಲದಾಗೇ ಬೇನೆ ಹತ್ತಿತು. ಕೂಸು ಅಂಗೈಯಾಗ ಹಿಡಿಯುವಷ್ಟು ಇತ್ತು. ಒಂಬತ್ತು ದಿನ ಬದುಕಿತು.

ಯಾಕೆ ಹೋಯಿತು ಎಂದು ನಾವು ಕೇಳಿದೆವು. ಮೂರು ಉತ್ತರ ಬಂದವು. ಓಣಿಯ ಹಿರಿಯರು ಹೇಳಿದರು: ಹಣೆಬರಹ. ಅತ್ತೆ ಹೇಳಿದಳು: "ಬ್ಯಾಡಂದ್ರೂ ಪಪ್ಪಾಯಿ ತಿಂದಾಳ ಮುಂಡಿ." ಆಸ್ಪತ್ರೆಯವರು ಹೇಳಿದರು: ತಾಯಿಯ ನಿರ್ಲಕ್ಷ್ಯ, ಸರಿಯಾಗಿ ತಿಂದಿಲ್ಲ. ಈ ಮೂರೂ ಉತ್ತರಗಳು ಬೇರೆ ಬೇರೆ ಅಂತ ನಿಮಗೆ ಅನಿಸುತ್ತದೇನು? ನಮಗೆ ಅನಿಸುವುದಿಲ್ಲ. ಒಂದು ಉತ್ತರ ದೇವರ ಬಾಯಿಂದ, ಒಂದು ಮನೆಯ ಬಾಯಿಂದ, ಒಂದು ಸರಕಾರದ ಬಾಯಿಂದ ಬಂದಿದೆ. ಮೂರರ ಬೆರಳೂ ಆ ಹೆಂಗಸಿನ ಕಡೆಗೇ. ಆಕೆಗೆ ಕೂಲಿ ಕೊಟ್ಟವನ ಕಡೆ, ಆಕೆಯ ರೊಟ್ಟಿ ಬುಟ್ಟಿಯ ಕಡೆ, ಕಾನೂನು ಬರೆದು ಮಡಿಚಿಟ್ಟವರ ಕಡೆ ಒಂದು ಬೆರಳೂ ಹೊರಳಲಿಲ್ಲ. ಅದಕ್ಕೇ ಈ ಪುಟ ಬರೆಯುತ್ತಿದ್ದೇವೆ.

ನಾವು ಕಮಲನಗರ, ಔರಾದ, ಭಾಲ್ಕಿ ಕಡೆಯ ಹುಡುಗ ಹುಡುಗಿಯರು. ಹಾಸ್ಟೆಲುಗಳಲ್ಲಿ ಇದ್ದುಕೊಂಡು ಓದುತ್ತಿದ್ದೇವೆ. ನಮ್ಮಲ್ಲಿ ಕೆಲವರು ಸ್ವತಃ ತಿಂಗಳು ತುಂಬದೆ ಹುಟ್ಟಿದವರು. ಬದುಕಿದ್ದು ಅವ್ವಂದಿರ ಎದೆಯ ಬಿಸಿಗೆ. ಆದ್ದರಿಂದ ಇದು ದೂರದ ವಿಷಯ ಅಲ್ಲ.

ಮೊದಲು ತಿಳಿಯಬೇಕಾದ್ದು ಇಷ್ಟು. 37 ವಾರ ತುಂಬುವ ಮೊದಲು ಹುಟ್ಟಿದ ಕೂಸು ದಿನ ತುಂಬದ ಕೂಸು. ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಗಿದ್ದು ತೂಕ ಕಡಿಮೆಯ ಕೂಸು. ಎರಡೂ ಒಂದೇ ಅಲ್ಲ. ತಿಂಗಳು ತುಂಬಿಯೂ ಬಡಕಲಾಗಿ ಹುಟ್ಟಬಹುದು. ನಮ್ಮ ಓಣಿಗಳಲ್ಲಿ ಎರಡೂ ಒಟ್ಟಿಗೆ ಬರುತ್ತವೆ, ಹೀಗಾಗಿ ಮಂದಿ ಬೇರೆ ಮಾಡಿ ನೋಡುವುದಿಲ್ಲ. ಇನ್ನೊಂದು ಮಾತು ಓಡಾಡುತ್ತದೆ: "ಏಳರ ಕೂಸು ಉಳೀತದ, ಎಂಟರ ಕೂಸು ಉಳ್ಯಾಂಗಿಲ್ಲ." ಇದು ಶುದ್ಧ ಸುಳ್ಳು. ಹೊಟ್ಟೆಯಾಗ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭ. ಎಂಟರದು ಏಳರದಕ್ಕಿಂತ ಉಳಿಯುವ ಸಂಭವ ಹೆಚ್ಚು. ಈ ಸುಳ್ಳು ನಂಬಿ ಎಂಟು ತಿಂಗಳ ಕೂಸನ್ನು ದವಾಖಾನೆಗೆ ಒಯ್ಯದೆ ಕೈ ಚೆಲ್ಲಿದವರನ್ನು ನಾವು ನೋಡಿದ್ದೇವೆ.

2020ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಕೂಸುಗಳು ದಿನ ತುಂಬದೆ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ಭಾರತ ದೇಶದ್ದು. ಐದರಲ್ಲಿ ಒಂದಕ್ಕಿಂತ ಹೆಚ್ಚು. ಚಂದ್ರನ ಮೇಲೆ ಯಂತ್ರ ಇಳಿಸಿದೆವೆಂದು ಎದೆ ಬಡಿದುಕೊಳ್ಳುವವರು ಈ ಲೆಕ್ಕದಲ್ಲೂ ನಾವೇ ಮುಂದೆ ಎಂದು ಒಮ್ಮೆ ಹೇಳಲಿ.

ಈಗ ಊಟಕ್ಕೂ ಇದಕ್ಕೂ ಏನು ಸಂಬಂಧ? ಇಲ್ಲಿ ನಾವು ಖರೆ ಮಾತಾಡಬೇಕು. ಎದುರಿನವರ ಸುಳ್ಳನ್ನು ಬೈಯುವಾಗ ನಮ್ಮದೂ ಒಂದು ಸುಳ್ಳು ಹೇಳಬಾರದು. ಊಟವೊಂದೇ ಕಾರಣ ಅಲ್ಲ. ಸೋಂಕು, ಬಿ.ಪಿ., ಹದಿನೇಳಕ್ಕೇ ಲಗ್ನ, ಒಂದರ ಬೆನ್ನಿಗೆ ಇನ್ನೊಂದು ಬಸಿರು, ಅವಳಿ ಕೂಸು, ಇವೆಲ್ಲ ಇವೆ. ಎಷ್ಟೋ ಸಲ ಚೆನ್ನಾಗಿ ಉಂಡವರಿಗೂ ಬೇಗ ಬೇನೆ ಬರುತ್ತದೆ, ಯಾಕೆಂದು ವೈದ್ಯರಿಗೂ ತಿಳಿಯುವುದಿಲ್ಲ. ಆದರೆ ತಾಟಿಗೂ ತಿಂಗಳಿಗೂ ನಂಟು ಇದೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗಬೇಕು. ಅದಕ್ಕೆ ಕಬ್ಬಿಣ ಬೇಕು. ಮೊದಲೇ ರಕ್ತ ಇಲ್ಲದವಳು ಎಲ್ಲಿಂದ ತರಬೇಕು? ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಅಪಾಯ. ರಕ್ತ ಕಡಿಮೆ ಇದ್ದವರಲ್ಲಿ, ಬಸಿರಾಗುವ ಮೊದಲೇ ಮೈ ತೂಕ ತೀರಾ ಕಡಿಮೆ ಇದ್ದವರಲ್ಲಿ ಬೇಗ ಹೆರುವ ಸಂಭವ ಹೆಚ್ಚು. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಊಟದಲ್ಲಿ ಇಲ್ಲದಿದ್ದರೆ ಬಸಿರಿನಲ್ಲಿ ಬಿ.ಪಿ. ಏರುವ ರೋಗದ ಭಯ. ಅದು ಏರಿತೆಂದರೆ ತಾಯಿ ಉಳಿಯಬೇಕಾದರೆ ಕೂಸನ್ನು ತಿಂಗಳು ತುಂಬುವ ಮೊದಲೇ ಹೊರಗೆ ತೆಗೆಯಬೇಕಾಗುತ್ತದೆ.

2019-21ರ ಸರಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 46. ಪರಿಶಿಷ್ಟರ ಹೆಂಗಸರಲ್ಲಿ ಉಳಿದವರಿಗಿಂತ ಹೆಚ್ಚು. ಹೆಚ್ಚು ಯಾಕೆ? ನಮ್ಮ ಹೆಂಗಸರ ಮೈಯೇ ಬೇರೆಯೇನು? ಮಣ್ಣು, ಬೂದಿ, ಸೀಮೆಸುಣ್ಣ ಮುಚ್ಚಿಟ್ಟುಕೊಂಡು ತಿನ್ನುವ ಬಸುರಿಯನ್ನು ನೀವು ನಿಮ್ಮ ಮನೆಯಲ್ಲೇ ನೋಡಿರಬಹುದು. ಅದಕ್ಕೆ ಬಯಕೆ ಎಂದು ಹೆಸರಿಟ್ಟು ನಗುತ್ತೇವೆ. ಎಷ್ಟೋ ಸಲ ಅದು ಕಬ್ಬಿಣ ಕಾಣದ ಮೈ ಮಣ್ಣಿಗೆ ಕೈ ಹಾಕುವುದು.

"ಗುಳಿಗೆ ಕೊಡ್ತಾರಲ್ಲ, ನುಂಗಬೇಕು" ಅನ್ನುತ್ತಾರೆ. ನುಂಗಬೇಕು, ಖರೆ. ನಾವೂ ನಮ್ಮ ಅಕ್ಕಂದಿರಿಗೆ ಹೇಳುತ್ತೇವೆ, ನುಂಗ್ರಿ, ಚಹಾದ ಜೋಡಿ ಮಾತ್ರ ಬ್ಯಾಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಆದರೆ ಗುಳಿಗೆಯ ಮಿತಿಯೂ ತಿಳಿದಿರಲಿ. ಬೆಂಗಳೂರಿನಲ್ಲಿ 11 ಸಾವಿರ ಚೊಚ್ಚಲ ಬಸುರಿಯರ ಮೇಲೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕ್ಯಾಲ್ಸಿಯಂ ಗುಳಿಗೆಯ ಪರೀಕ್ಷೆ ನಡೆಸಿದರು. 2024ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ, ಇನ್ನರ್ಧಕ್ಕೆ 500. ಬಿ.ಪಿ. ರೋಗ ತಡೆಯುವುದರಲ್ಲಿ ಕಡಿಮೆ ಪ್ರಮಾಣವೂ ಹೆಚ್ಚಿನದಕ್ಕೆ ಸಮವೇ ಎಂದು ಕಂಡಿತು. ಒಳ್ಳೆಯದು, ಅಗ್ಗದಲ್ಲಿ ಆಯಿತು. ಆದರೆ ಅದರಲ್ಲೇ ಇನ್ನೊಂದು ಲೆಕ್ಕ ಇದೆ. ಗುಳಿಗೆ ಕೈಗೆ ಕೊಟ್ಟು, ವೈದ್ಯರು ಕಣ್ಣಿಟ್ಟು ನೋಡಿಕೊಂಡ ಆ ಹೆಂಗಸರಲ್ಲೂ ನೂರಕ್ಕೆ ಹನ್ನೊಂದು ಹನ್ನೆರಡು ಕೂಸುಗಳು ದಿನ ತುಂಬದೆ ಹುಟ್ಟಿದವು. ಬೆಂಗಳೂರಿನಲ್ಲೇ ಹಾಗಾದರೆ, ಗುಳಿಗೆ ಮುಗಿದಿದೆ ಮುಂದಿನ ವಾರ ಬಾ ಎನ್ನಿಸಿಕೊಂಡು ತಿರುಗುವ ನಮ್ಮ ಕಡೆಯ ಹೆಂಗಸಿನ ಗತಿ ಏನು? ಗುಳಿಗೆ ಊಟಕ್ಕೆ ಜೊತೆ. ಊಟಕ್ಕೆ ಬದಲಿ ಅಲ್ಲ.

ನಾರ್ವೆ ಎಂಬ ದೇಶದಲ್ಲಿ 66 ಸಾವಿರ ಬಸುರಿಯರು ಏನೇನು ಉಣ್ಣುತ್ತಾರೆ ಎಂದು ಬರೆದಿಟ್ಟು ನೋಡಿದರು, 2014ರಲ್ಲಿ ಅಚ್ಚಾಯಿತು. ತರಕಾರಿ, ಹಣ್ಣು, ತೌಡು ತೆಗೆಯದ ಕಾಳಿನ ರೊಟ್ಟಿ ಹೆಚ್ಚು ತಿಂದವರಲ್ಲಿ ಬೇಗ ಹೆರುವುದು ಸ್ವಲ್ಪ ಕಡಿಮೆ ಇತ್ತು. ಇದು ಬರೆದಿಟ್ಟು ನೋಡಿದ ಲೆಕ್ಕ, ಪಣ ತೊಟ್ಟು ಹೇಳುವ ಲೆಕ್ಕ ಅಲ್ಲ. ಆದರೂ ಅವರು ಹೇಳಿದ ಒಂದು ಮಾತು ನಮಗೆ ಬೇಕು: ಕೆಟ್ಟದ್ದನ್ನು ಪೂರ್ತಿ ಬಿಡುವುದಕ್ಕಿಂತ ಒಳ್ಳೆಯದು ಹೊಟ್ಟೆಗೆ ಬೀಳುವುದು ಹೆಚ್ಚು ಮುಖ್ಯ. ನಮ್ಮಲ್ಲಿ ಇದು ತಿರುವುಮುರುವು. ನಮ್ಮ ಬಸುರಿಗೆ ಬಿಡುವುದರ ಪಟ್ಟಿಯೇ ಉದ್ದ. ಪಪ್ಪಾಯಿ ಬ್ಯಾಡ, ಮೊಟ್ಟೆ ಉಷ್ಣ, ಬಾಳೆಹಣ್ಣು ನೆಗಡಿ, ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ. ಪಪ್ಪಾಯಿಯ ಮಾತು ಬಂತಲ್ಲ: ಹಸಿ ಕಾಯಿ, ಅದರ ಹಾಲು ಬೇಡ, ಸರಿ. ಚೆನ್ನಾಗಿ ಹಣ್ಣಾದ ಪಪ್ಪಾಯಿಗೆ ಹೆದರುವ ಕಾರಣ ಇಲ್ಲ. ಆ ಅಕ್ಕನ ಕೂಸನ್ನು ಒಂದು ಹೋಳು ಹಣ್ಣು ಕೊಂದಿಲ್ಲ.

ಈಗ ಆಫ್ರಿಕಾದ ಗ್ಯಾಂಬಿಯಾ ದೇಶದ ಕತೆ ಕೇಳಿ. ಇದು ನಮ್ಮ ಕತೆಯೇ. ಅಲ್ಲೂ ಮಳೆ ನಂಬಿದ ಹೊಲ, ಅಲ್ಲೂ ಶೇಂಗಾ, ಅಲ್ಲೂ ಹೆಂಗಸರೇ ದುಡಿಯುವವರು. ಮಳೆಗಾಲದಲ್ಲಿ ಹಗೇವು ಖಾಲಿ, ಕೆಲಸ ಮಾತ್ರ ಮೈ ಮುರಿಯುವಷ್ಟು. ಅದಕ್ಕೆ ಅಲ್ಲಿ ಹಸಿವಿನ ಕಾಲ ಎಂದೇ ಹೆಸರು. 28 ಹಳ್ಳಿಗಳಲ್ಲಿ ಐದು ವರ್ಷ ಬಸುರಿಯರಿಗೆ ಶೇಂಗಾದ ಬಿಸ್ಕೀಟು ಕೊಟ್ಟು ನೋಡಿದರು. 1997ರಲ್ಲಿ ಲೆಕ್ಕ ಹೊರಗೆ ಬಂತು. ಹಸಿವಿನ ಕಾಲದಲ್ಲಿ ಹುಟ್ಟಿದ ಕೂಸುಗಳ ತೂಕ ಸರಾಸರಿ 200 ಗ್ರಾಮಿನಷ್ಟು ಏರಿತು. ಸತ್ತು ಹುಟ್ಟುವ ಕೂಸುಗಳು, ಹುಟ್ಟಿದ ವಾರದೊಳಗೆ ಸಾಯುವ ಕೂಸುಗಳು ಕಡಿಮೆಯಾದವು. ಶೇಂಗಾ! ಸೇಬು ಅಲ್ಲ, ದ್ರಾಕ್ಷಿ ಅಲ್ಲ. ನಮ್ಮ ಹೊಲದ ಶೇಂಗಾ.

ಆದರೆ ಬಿಸ್ಕೀಟು ತಿಂದರೂ ತಿಂಗಳ ಲೆಕ್ಕ ಹೆಚ್ಚು ಬದಲಾಗಲಿಲ್ಲ. ಯಾಕೆ? ಅದೇ ಸೀಮೆಯ ಇನ್ನೊಂದು ಅಧ್ಯಯನ 2005ರಲ್ಲಿ ಉತ್ತರ ಕೊಟ್ಟಿತು. ದಿನ ತುಂಬದ ಹೆರಿಗೆಗಳು ವರ್ಷದಲ್ಲಿ ಎರಡು ಸಲ ಏರುತ್ತವೆ. ಜುಲೈನಲ್ಲಿ ಒಮ್ಮೆ, ಹೊಲದ ಕೆಲಸ ಜೋರು ಹಿಡಿದಾಗ. ಅಕ್ಟೋಬರಿನಲ್ಲಿ ಒಮ್ಮೆ, ಮಲೇರಿಯಾ ಏರಿದಾಗ. ಅರ್ಥ ಆಯಿತೆ? ಊಟ ಕೊಟ್ಟರೆ ಕೂಸಿಗೆ ತೂಕ ಬಂತು, ಜೀವ ಬಂತು. ತಿಂಗಳು ತುಂಬಬೇಕಾದರೆ ಊಟದ ಜೊತೆ ಬೆನ್ನಿಗೆ ಬಿಡುವೂ ಬೇಕು, ರೋಗಕ್ಕೆ ಮದ್ದೂ ಬೇಕು. ಉಣ್ಣು ಉಣ್ಣು ಎಂದು ಬೋಧಿಸಿ ಮರುದಿನ ಅವಳನ್ನು ಸೋಯಾ ಕೊಯ್ಯಲು, ಕಬ್ಬು ಕಡಿಯಲು ಕಳಿಸುವ ಈ ವ್ಯವಸ್ಥೆ ಬಾಯಲ್ಲಿ ಹಾಲು ಹಣ್ಣು, ಕೈಯಲ್ಲಿ ಕುಡುಗೋಲು ಹಿಡಿದಿದೆ.

ಕಬ್ಬಿನ ಮಾತು ಬಂದಾಗ ಗಡಿಯಾಚೆ ನೋಡಿ. ಉದಗೀರ ದಾಟಿ ಮುಂದೆ ಹೋದರೆ ಬೀಡ ಜಿಲ್ಲೆ. ಕಬ್ಬು ಕಡಿಯುವ ಜೋಡಿಯಲ್ಲಿ ಹೆಂಡತಿ ಒಂದು ದಿನ ತಪ್ಪಿಸಿದರೆ ಮುಕಾದಮ ದಂಡ ಹಾಕುತ್ತಾನೆ, ಅದಕ್ಕೆ ಖಾಡಾ ಎನ್ನುತ್ತಾರೆ. ದಂಡಕ್ಕೆ, ಮುಟ್ಟಿನ ನೋವಿಗೆ, ಖಾಸಗಿ ಆಸ್ಪತ್ರೆಯವರ ಹೆದರಿಕೆಗೆ ಸಾವಿರಾರು ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡದ್ದು 2019ರಲ್ಲಿ ಬಯಲಾಯಿತು. ರಜೆ ಕೇಳುವ ಹಕ್ಕಿಲ್ಲದವಳು ಗರ್ಭಕೋಶ ಕಳೆದುಕೊಂಡಳು. ನಮ್ಮ ಕಡೆಯಿಂದಲೂ ಗ್ಯಾಂಗುಗಳು ಹೋಗುತ್ತವೆ. ಬಸುರಿಯರೂ ಹೋಗುತ್ತಾರೆ.

ಇನ್ನು ನಮ್ಮ ತಾಟಿನ ಕಡೆ ಬನ್ನಿ. ಒಂದು ಕಾಲಕ್ಕೆ ನಮ್ಮ ಅಜ್ಜಿಯಂದಿರು ಬಡವರಾಗಿದ್ದರೂ ಕಳೆ ತೆಗೆಯಲು ಹೋದರೆ ಉಡಿ ತುಂಬ ಹತ್ತರಕಿ, ಗೋಳಿ, ರಾಜಗಿರಿ ಕಿತ್ತು ತರುತ್ತಿದ್ದರು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು, ಹೆಸರು, ಉದ್ದು, ಪುಂಡಿ, ಕುಸುಬಿ. ಕೂಲಿಯೂ ಕಾಳಿನಲ್ಲಿ ಬರುತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ಹಾಡುವುದು ನಮಗೆ ಬೇಕಿಲ್ಲ. ಕಾಳಿನ ಕೂಲಿಯ ಹಿಂದೆ ಜೀತ ಇತ್ತು, ಹೊಲದ ಒಡೆಯನ ಕೋಲು ಇತ್ತು. ಆದರೆ ಈಗ ಏನಾಗಿದೆ? ಬೀದರ ಜಿಲ್ಲೆಯ ಹೊಲದ ತುಂಬ ಸೋಯಾ. ಹೊಲದಿಂದ ನೇರ ಲಾರಿಗೆ, ಲಾರಿಯಿಂದ ಎಣ್ಣೆ ಗಿರಣಿಗೆ. ಕೊಯ್ದವಳ ಮನೆಗೆ ಒಂದು ಹಿಡಿ ಬರುವುದಿಲ್ಲ, ಬಂದರೂ ಬೇಳೆಯ ಹಾಗೆ ಬೇಯಿಸಿ ತಿನ್ನುವುದು ನಮಗೆ ಬಳಕೆ ಇಲ್ಲ. ಕಳೆಗೆ ಎಣ್ಣೆ ಹೊಡೆಯುತ್ತಾರೆ, ಸೊಪ್ಪೂ ಸತ್ತಿತು, ಕಳೆ ತೆಗೆಯುವ ಕೂಲಿಯೂ ಸತ್ತಿತು. ಉಳಿದದ್ದು ರೇಷನ್ ಅಕ್ಕಿ, ಖಾರ, ಚಹಾ.

ಚಹಾದ ಜೊತೆ ಮಿಶ್ರಿ. ಇದನ್ನು ಮುಚ್ಚಿಡಬಾರದು. ಸುಟ್ಟ ತಂಬಾಕಿನ ಪುಡಿ. ಹಲ್ಲಿಗೆ ತಿಕ್ಕುತ್ತಾರೆ, ಹಸಿವು ಸಾಯುತ್ತದೆ. ಹಸಿವು ಸಾಯಲಿ ಎಂದೇ ತಿಕ್ಕುತ್ತಾರೆ. ಮುಂಬಯಿಯಲ್ಲಿ 1217 ಹೆಂಗಸರನ್ನು ನೋಡಿ 2004ರಲ್ಲಿ ಬರೆದರು: ಮಿಶ್ರಿ, ತಂಬಾಕು ಹಾಕುವ ತಾಯಿಯ ಕೂಸು ಸರಾಸರಿ 105 ಗ್ರಾಂ ಕಡಿಮೆ, ಆರು ದಿನ ಬೇಗ ಹುಟ್ಟುತ್ತದೆ, ದಿನ ತುಂಬದೆ ಹುಟ್ಟುವ ಅಪಾಯ ಸುಮಾರು 1.4 ಪಟ್ಟು. ಇದನ್ನು ಬಿಡಿಸುವ ಕೆಲಸ ನಮ್ಮದು, ಹೊರಗಿನ ಯಾರೂ ಬಂದು ಮಾಡುವುದಿಲ್ಲ. ಆದರೆ ಬಿಡು ಎಂದು ಗದರುವ ಮೊದಲು ಅದರ ಜಾಗಕ್ಕೆ ಒಂದು ರೊಟ್ಟಿ ಇಡಬೇಕು.

ಮಾಂಸದ ಮಾತಾಡೋಣ. ಖಂಡದಲ್ಲಿರುವ ಕಬ್ಬಿಣ ಮೈಗೆ ಹತ್ತುವ ಹಾಗೆ ಸೊಪ್ಪಿನ ಕಬ್ಬಿಣ ಹತ್ತುವುದಿಲ್ಲ, ಇದು ಪುಸ್ತಕದಲ್ಲೇ ಇದೆ. ನಮಗೆ ಅಗ್ಗಕ್ಕೆ ಸಿಗುತ್ತಿದ್ದ ಖಂಡ ಯಾವುದು ಎಂದು ನಿಮಗೆ ಗೊತ್ತು. ಅದನ್ನು ತಿಂದದ್ದಕ್ಕೇ ನಮ್ಮನ್ನು ಊರ ಹೊರಗೆ ಇಟ್ಟರು. ಬಾಬಾಸಾಹೇಬರು 1948ರ ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ಹುಡುಕುತ್ತ ಹೋದದ್ದು ಅಲ್ಲಿಗೇ. ಮಹಾರಾಷ್ಟ್ರ 2015ರಲ್ಲಿ ಎತ್ತು ಹೋರಿಗಳ ಮಾಂಸಕ್ಕೂ ಬಾಗಿಲು ಹಾಕಿತು. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಕಮಲನಗರದವರಿಗೆ ಗಡಿಯ ಈಚೆಯೂ ಇಲ್ಲ, ಆಚೆಯೂ ಇಲ್ಲ. ಕಾನೂನು ಬರೆದವರು ಬಸುರಿಯರ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿದ್ದರೆ? ಕುರಿ ಮಾಂಸದ ದರ ಕೇಳಿದ್ದರೆ?

ಮೊಟ್ಟೆಗೂ ಬಿಡಲಿಲ್ಲ. 2021ರ ಕೊನೆಗೆ ಬೀದರ, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ ಸೇರಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲ ಮಠಾಧೀಶರು ಬೀದಿಗೆ ಇಳಿಯುತ್ತೇವೆಂದರು. ಆಗ ಗಂಗಾವತಿಯ ಶಾಲೆ ಹುಡುಗಿಯೊಬ್ಬಳು ಎದ್ದು ನಿಂತು, ನಮಗೆ ಒಂದಲ್ಲ ಎರಡು ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತಾಡಿದಳು. ನಾಡೆಲ್ಲ ಕೇಳಿತು. ಆ ಹುಡುಗಿಗೆ ಇರುವ ನಾಲಿಗೆ ಪದವಿ ಓದುತ್ತಿರುವ ನಮಗೆ ಯಾಕಿಲ್ಲ?

ಯಾಕಿಲ್ಲ ಎಂದರೆ, ಗೆಳೆಯರೆ, ನಾವು ಹೊಟ್ಟೆ ತುಂಬಿದವರಾಗಿದ್ದೇವೆ. ಹಾಸ್ಟೆಲಿನ ಮೆನು ಬೋರ್ಡಿನ ಮುಂದೆ ನಿಂತು ಮೊಟ್ಟೆ ಸಣ್ಣದು, ಸಾರು ನೀರು ಎಂದು ಕೂಗುತ್ತೇವೆ. ಕೂಗಲೇಬೇಕು, ಅದು ನಮ್ಮ ಹಕ್ಕು. ಆದರೆ ದೀಪಾವಳಿಗೆ ಮನೆಗೆ ಹೋದಾಗ? ಮೊದಲು ಅಪ್ಪ, ಆಮೇಲೆ ನಾವು, ಆಮೇಲೆ ತಮ್ಮಂದಿರು. ಖಂಡದ ತುಂಡು ನಮ್ಮ ತಾಟಿಗೆ. ತಳದ ರಸ ಬಸುರಿ ಅತ್ತಿಗೆಗೆ. ಬುಟ್ಟಿಯಲ್ಲಿ ರೊಟ್ಟಿ ಉಳಿದರೆ ಉಂಟು. "ನೀ ಉಂಡಿ ಏನ್ ವೈನಿ?" ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಮನುವಾದ ಎಂದು ಸಭೆಯಲ್ಲಿ ಗುಡುಗುತ್ತೇವೆ. ಅದು ನಮ್ಮ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದೆ, ಮೊದಲ ಪಂಕ್ತಿಯಲ್ಲಿ, ನಮ್ಮದೇ ಪಕ್ಕ.

ಲೆಕ್ಕ ಹಾಕಿದರೆ ನಾಚಿಕೆಯಾಗುವಷ್ಟು ಸಣ್ಣ ವಿಷಯ ಇದು. ಬಸುರಿಗೆ ದಿನಕ್ಕೆ ಹೆಚ್ಚುವರಿ ಬೇಕಾದ್ದು ಸುಮಾರು 350 ಕ್ಯಾಲರಿ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಕೊನೆಯ ಮೂರು ತಿಂಗಳಲ್ಲಿ ಪ್ರೋಟೀನು ಹೆಚ್ಚುವರಿ 22 ಗ್ರಾಂ. ಅಂದರೆ ಒಂದು ದೊಡ್ಡ ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಮೊಟ್ಟೆ, ಒಂದು ಬಟ್ಟಲು ಗಟ್ಟಿ ಬೇಳೆ. ಸುಮಾರಾಗಿ ಇಷ್ಟೇ. ಇದಕ್ಕೆ ಗೋಡೆಯ ಸೇಬು ಬೇಕಿಲ್ಲ. ಈ ಒಂದು ರೊಟ್ಟಿ, ಒಂದು ಹಿಡಿ ಶೇಂಗಾ ಅವಳ ಕೈಗೆ ತಲುಪದಂತೆ ಎಷ್ಟು ಮಂದಿ ಕಾವಲು ಕೂತಿದ್ದಾರೆ ನೋಡಿ.

ಇನ್ನು ಕಾನೂನು. ಇದನ್ನು ಗಮನವಿಟ್ಟು ಓದಿ, ಬೇಕಾದರೆ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 4ನೆಯ ಕಲಂ: ಪ್ರತಿಯೊಬ್ಬ ಬಸುರಿಗೆ, ಹೆತ್ತ ಮೇಲೆ ಆರು ತಿಂಗಳ ತನಕ, ಅಂಗನವಾಡಿಯಲ್ಲಿ ಉಚಿತ ಊಟ. ಅದರ ಮೇಲೆ 6000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಸಹಾಯ. ಪ್ರತಿಯೊಬ್ಬ ಬಸುರಿಗೆ ಎಂದಿದೆ. ಹೀಗೆ ಬರೆದ ನಾಲ್ಕು ವರ್ಷಕ್ಕೆ, 2017ರಲ್ಲಿ, ಕೇಂದ್ರ ಸರಕಾರ ಮಾತೃವಂದನಾ ಎಂಬ ಯೋಜನೆ ತಂದಿತು. ವಂದನೆ ದೊಡ್ಡದು, ದುಡ್ಡು 5000, ಅದೂ ಮೊದಲ ಕೂಸಿಗೆ ಮಾತ್ರ, ಅದೂ ಕಂತಿನಲ್ಲಿ. 2022ರಿಂದ ಎರಡನೆಯದು ಹೆಣ್ಣಾದರೆ 6000. ಪ್ರತಿಯೊಬ್ಬ ಎಂಬ ಶಬ್ದ ಎಲ್ಲಿ ಹೋಯಿತು? ಅದೇ 2017ರಲ್ಲಿ ಕಂಪನಿ, ಕಾರ್ಖಾನೆಗಳಲ್ಲಿ ಪಗಾರದ ಹೆಂಗಸಿಗೆ 26 ವಾರ ಸಂಬಳ ಸಹಿತ ರಜೆ ಆಯಿತು. ಆಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹೊಲದಲ್ಲಿ ಬಗ್ಗಿ ದುಡಿಯುವ ಬಸುರಿಗೆ ಒಂದು ವಾರ? ಒಂದು ದಿನ?

1928ರ ಜುಲೈ ತಿಂಗಳಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಎದ್ದು ನಿಂತವರು ಬಾಬಾಸಾಹೇಬರು. ಹೆರುವ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಹೊರೆಯನ್ನು ಬಹುಪಾಲು ಸರಕಾರ ಹೊರಬೇಕು ಎಂಬುದು ಅವರ ವಾದ. ಆ ಮಸೂದೆ ಕಾರ್ಖಾನೆಯ ಹೆಂಗಸರದ್ದು. ನೂರು ವರ್ಷ ತುಂಬುತ್ತ ಬಂತು, ಅದು ಹೊಲದ ಬದುವಿಗೆ ಇನ್ನೂ ಬಂದು ಮುಟ್ಟಿಲ್ಲ.

ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ತಿಂಗಳಿಗೆ 25 ದಿನ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ: ಅನ್ನ, ಬೇಳೆ, ಪಲ್ಯ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಯೋಚನೆ ಒಳ್ಳೆಯದು. ಮನೆಗೆ ಕಾಳು ಕೊಟ್ಟರೆ ಅದು ಇಡೀ ಮನೆಗೆ ಹಂಚಿಹೋಗುತ್ತದೆ, ಅಲ್ಲೇ ಕೂತು ಉಂಡರೆ ಅವಳ ಹೊಟ್ಟೆಗೇ ಬೀಳುತ್ತದೆ. ಗ್ಯಾಂಬಿಯಾದ ಬಿಸ್ಕೀಟಿನ ಪಾಠವೂ ಅದೇ. ಆದರೆ ಊಟ ಮಧ್ಯಾಹ್ನ, ಅವಳು ಮಧ್ಯಾಹ್ನ ಹೊಲದಲ್ಲಿ. ಒಂದು ಊಟಕ್ಕಾಗಿ ಒಂದು ದಿನದ ಕೂಲಿ ಬಿಡಬೇಕು. ಬಿಟ್ಟರೆ ರಾತ್ರಿ ಒಲೆ ಹೊತ್ತುವುದಿಲ್ಲ. ಇದು ಯೋಜನೆ ಬರೆದವರ ತಲೆಗೆ ಹೊಳೆಯಲಿಲ್ಲವೆ? ಇನ್ನೊಂದು ಪ್ರಶ್ನೆ: ನಿಮ್ಮ ಊರಿನ ಅಂಗನವಾಡಿ ಯಾವ ಓಣಿಯಲ್ಲಿದೆ? ನಮ್ಮ ಓಣಿಯ ಬಸುರಿ ಅಲ್ಲಿ ಎಲ್ಲಿ ಕೂತು ಉಣ್ಣುತ್ತಾಳೆ? ಒಳಗೋ, ಕಟ್ಟೆ ಮೇಲೋ? ನಮ್ಮವಳು ಅಡಿಗೆ ಮಾಡಿದರೆ ಮೇಲಿನ ಓಣಿಯವರು ಉಣ್ಣಲು ಬರುತ್ತಾರೋ ಇಲ್ಲವೋ? ಅಲ್ಲಿನ ಕಾರ್ಯಕರ್ತೆಯ ಮೇಲೆ ಹರಿಹಾಯುವುದು ನಮ್ಮ ಉದ್ದೇಶ ಅಲ್ಲ. ಗೌರವಧನ ಎಂಬ ಹೆಸರಿನಲ್ಲಿ ಚಿಲ್ಲರೆ ಕಾಸಿಗೆ ದುಡಿಯುವ ಅವಳೂ ನಮ್ಮವಳೇ. ಪ್ರಶ್ನೆ ಇರುವುದು ಮೇಲಿನವರಿಗೆ. ಕಮಲನಗರವನ್ನು ತಾಲೂಕು ಎಂದು 2017ರಲ್ಲಿ ಘೋಷಿಸಿದರಲ್ಲ, ತಾಲೂಕಿನ ಬೋರ್ಡು ಉಣ್ಣಲು ಬರುತ್ತದೇನು?

ನಮ್ಮ ಸಂಘಟನೆಯ ಒಳಗೇ ಕೆಲವರು ಹೇಳುತ್ತಾರೆ: ಇದು ಹೆಂಗಸರ ವಿಷಯ, ಹೋರಾಟದ ವಿಷಯ ಅಲ್ಲ, ಭೂಮಿ ಕೇಳೋಣ, ಮೀಸಲಾತಿ ಕೇಳೋಣ. ಅವರಿಗೆ ನಮ್ಮ ಉತ್ತರ ಇಷ್ಟೆ. ಭೂಮಿ ಕೇಳುವುದು ಯಾತಕ್ಕೆ? ಅಕ್ಕಡಿ ಸಾಲು ಬಿತ್ತುವ ಹೊಲ ನಮ್ಮದಾಗಿದ್ದರೆ ಆ ಅಕ್ಕ ಏಳನೆಯ ತಿಂಗಳಲ್ಲಿ ಇನ್ನೊಬ್ಬರ ಸೋಯಾ ಕೊಯ್ಯಲು ಹೋಗುತ್ತಿರಲಿಲ್ಲ. ಮೀಸಲಾತಿಯ ಪಾಲು ಕೇಳಲು ಕೂಸು ಮೊದಲು ಹತ್ತನೆಯ ದಿನ ಕಾಣಬೇಕು.

ಹಾಗಾದರೆ ಮಾಡುವುದೇನು? ಭಾಷಣ ಬೇಡ. ರಜೆಗೆ ಊರಿಗೆ ಹೋದಾಗ ಒಂದು ನೋಟು ಪುಸ್ತಕ ಒಯ್ಯಿರಿ. ನಿಮ್ಮ ಓಣಿಯಲ್ಲಿ ಎಷ್ಟು ಜನ ಬಸುರಿಯರಿದ್ದಾರೆ ಬರೆಯಿರಿ, ಅವರ ಹೆಸರನ್ನಲ್ಲ, ಲೆಕ್ಕವನ್ನು. ತಾಯಿ ಕಾರ್ಡಿನಲ್ಲಿ ರಕ್ತ ಎಷ್ಟು, ತೂಕ ಎಷ್ಟು, ಬಿ.ಪಿ. ನೋಡಿದ್ದಾರೋ ಇಲ್ಲವೋ. ಅಂಗನವಾಡಿಯಲ್ಲಿ 25 ದಿನದಲ್ಲಿ ಎಷ್ಟು ದಿನ ಊಟ, ಎಷ್ಟು ಮೊಟ್ಟೆ. ದುಡ್ಡು ಎಷ್ಟು ಕಂತು ಬಂದಿದೆ, ಯಾವ ಕಾಗದಕ್ಕೆ ನಿಂತಿದೆ. ಹುಡುಗರು ಹೋಗಿ ಕೇಳಿದರೆ ಹೆಂಗಸರು ಹೇಳುವುದಿಲ್ಲ. ಹುಡುಗಿಯರು ಕೇಳಲಿ, ಹುಡುಗರು ಆ ಹೊತ್ತಿನಲ್ಲಿ ನೀರು ತರಲಿ, ರೊಟ್ಟಿ ತಟ್ಟಲಿ. ಕೊಯ್ಲಿನ ತಿಂಗಳಲ್ಲಿ ಊಟದ ಹೊತ್ತು ಬೆಳಿಗ್ಗೆಗೆ ಬದಲಿಸಿ ಎಂದು ಊರೂರಿನಿಂದ ಅರ್ಜಿ ಬರೆಯೋಣ. ಬಸುರಿ ಕೂಲಿಗೆ ಹೋಗದ ದಿನಕ್ಕೂ ಕೂಲಿ ಕೊಡಿ ಎಂದು ತಹಸೀಲ ಕಚೇರಿಯ ಮುಂದೆ ಕೂರೋಣ. ಮುಂದಿನ ಸಭೆಗೆ ಪುಸ್ತಕ ತರದವರಿಗೆ ಭಾಷಣದ ಅವಕಾಶ ಇಲ್ಲ.

ಆ ಅಕ್ಕನಿಗೆ ಈಗ ಮತ್ತೆ ನಾಲ್ಕು ತಿಂಗಳು. ಕಾರ್ಡಿನಲ್ಲಿ ರಕ್ತ 8.4 ಎಂದು ಬರೆದಿದೆ. ಮಿಶ್ರಿ ಅರ್ಧ ಬಿಟ್ಟಿದ್ದಾಳೆ, ಪೂರಾ ಬಿಡುತ್ತೇನೆ ಎನ್ನುತ್ತಾಳೆ. ಅತ್ತೆ ಇನ್ನೂ ಮೊಟ್ಟೆ ಉಷ್ಣ ಅನ್ನುತ್ತಾಳೆ, ಆದರೆ ಈಗ ಮೊದಲಿನಷ್ಟು ಜೋರಾಗಿ ಅಲ್ಲ. ಸೋಮವಾರ ಅವಳ ಜೊತೆ ಅಂಗನವಾಡಿಗೆ ನಮ್ಮಲ್ಲಿ ಇಬ್ಬರು ಹುಡುಗಿಯರು ಹೋಗುತ್ತಿದ್ದಾರೆ. ಒಳಗೆ ಕೂತು ಉಣ್ಣುತ್ತಾಳೆ, ಕಟ್ಟೆಯ ಮೇಲಲ್ಲ ಎಂದು ಮೊದಲೇ ಹೇಳಿ ಬಂದಿದ್ದೇವೆ. ನಿಮ್ಮ ನಿಮ್ಮ ಊರಿಗೆ ಯಾರು ಹೋಗುತ್ತೀರಿ, ಹೆಸರು ಇವತ್ತೇ ಬರೆಸಿ.